ಲೆಕ್ಕಪರಿಶೋಧನೆಯ ಪುರಾವೆಯೂ ನ್ಯಾಯಾಲಯದ ಸಾಕ್ಷ್ಯವೂ

ಪ್ರತಿ ವರ್ಷ ಏಪ್ರಿಲ್ ತಿಂಗಳು ಬಂತೆಂದರೆ ವರ್ತಕರ ಕಚೇರಿಗಳಿಗೆ ಒಂದು ಬಗೆಯ ಪತ್ರಗಳು ಬರಲಾರಂಭಿಸುತ್ತವೆ. ‘ಮಾರ್ಚ್ 31ಕ್ಕೆ ಇದ್ದಂತೆ ತಮ್ಮಿಂದ ನಮಗೆ ಇಷ್ಟು ರೂಪಾಯಿ ಬರತಕ್ಕದ್ದಿದೆ, ಸರಿಯಿದ್ದಲ್ಲಿ ಸಹಿ ಮಾಡಿ ನಮ್ಮ ಲೆಕ್ಕಪರಿಶೋಧಕರ ವಿಳಾಸಕ್ಕೆ ನೇರವಾಗಿ ಕಳುಹಿಸಿಕೊಡಿ’ ಎಂಬುದು ಅವುಗಳ ಒಕ್ಕಣೆ. ಬಹುಪಾಲು ಪತ್ರಗಳು ಗುಮಾಸ್ತರ ಮೇಜಿನ ಮೂಲೆಯಲ್ಲಿಯೇ ಉಳಿದುಬಿಡುತ್ತವೆ. ಕೆಲವಕ್ಕೆ ಲೆಕ್ಕವನ್ನು ನೋಡದೆಯೇ ಮೊಹರು ಬೀಳುತ್ತದೆ. ಬಾಕಿ ದೃಢೀಕರಣ ಪತ್ರವೆಂದು ಕರೆಯಲಾಗುವ ಈ ಒಂದು ಹಾಳೆ ಲೆಕ್ಕಪರಿಶೋಧಕರ ಕಡತದಲ್ಲಿ ಒಂದು ಕೆಲಸ ಮಾಡಿದರೆ, ನ್ಯಾಯಾಲಯದ ಕಡತದಲ್ಲಿ ಬೇರೆಯೇ ಕೆಲಸ ಮಾಡುತ್ತದೆ. ಇವೆರಡರ ನಡುವಣ ವ್ಯತ್ಯಾಸವನ್ನು ತಿಳಿಯದೆ ನ್ಯಾಯವಾಗಿ ಬರಬೇಕಾದ ಹಣವನ್ನು ಕಳೆದುಕೊಳ್ಳುವ ಅಪಾಯ ಯಾವ ವರ್ತಕನಿಗೂ ತಪ್ಪಿದ್ದಲ್ಲ.

ಪರಿಶೋಧಕರು ಪುರಾವೆಯೆಂದು ಯಾವುದನ್ನು ಒಪ್ಪುತ್ತಾರೆ?

ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯು ಹೊರಡಿಸಿರುವ ಪರಿಶೋಧನಾ ಮಾನದಂಡಗಳಲ್ಲಿ ಪುರಾವೆಯ ವಿಷಯವನ್ನು ನಿರೂಪಿಸುವುದು ಎಸ್‌ಎ 500. ಪರಿಷ್ಕೃತ ರೂಪದಲ್ಲಿ ಇದು 2009ರ ಏಪ್ರಿಲ್ 1ರಂದು ಅಥವಾ ಅನಂತರ ಆರಂಭವಾಗುವ ಲೆಕ್ಕ ಅವಧಿಗಳಿಗೆ ಜಾರಿಗೆ ಬಂದಿತು. 2013ರ ಕಂಪನಿಗಳ ಅಧಿನಿಯಮದ 143ನೆಯ ಕಲಮು ಮಾನದಂಡಗಳ ಪಾಲನೆಯನ್ನು ಪರಿಶೋಧಕರ ಕರ್ತವ್ಯವನ್ನಾಗಿಯೇ ಮಾಡಿರುವುದರಿಂದ, ಇವು ಈಗ ವೃತ್ತಿಯ ಸಲಹೆಗಳಾಗಿ ಮಾತ್ರ ಉಳಿದಿಲ್ಲ.

ಈ ಮಾನದಂಡವು ಪುರಾವೆಯನ್ನು ಎರಡು ಅಳತೆಗಳಿಂದ ತೂಗುತ್ತದೆ. ಪುರಾವೆ ಸಾಕಷ್ಟಿರಬೇಕು ಎಂಬುದು ಪ್ರಮಾಣದ ಅಳತೆ. ಯುಕ್ತವಾಗಿರಬೇಕು ಎಂಬುದು ಗುಣದ ಅಳತೆ. ಯುಕ್ತತೆಯಲ್ಲಿ ಮತ್ತೆ ಪ್ರಸ್ತುತತೆ ಹಾಗೂ ವಿಶ್ವಾಸಾರ್ಹತೆ ಎಂಬ ಎರಡು ಅಂಶಗಳಿವೆ. ಸಂಸ್ಥೆಯ ಹೊರಗಿನ ಸ್ವತಂತ್ರ ಮೂಲದಿಂದ ಬಂದ ಪುರಾವೆ ಒಳಗಿನದಕ್ಕಿಂತ ಮೇಲು. ಪರಿಶೋಧಕರೇ ನೇರವಾಗಿ ಪಡೆದದ್ದು ಪರರ ಕೈಯಿಂದ ಬಂದದ್ದಕ್ಕಿಂತ ಮೇಲು. ಬರಹದಲ್ಲಿರುವುದು ಬಾಯಿಮಾತಿಗಿಂತ ಮೇಲು. ಮೂಲಪ್ರತಿಯು ನೆರಳಚ್ಚಿಗಿಂತ ಮೇಲು. ಆದರೆ ಒಂದಕ್ಕೆ ಬದಲಾಗಿ ಇನ್ನೊಂದು ನಡೆಯದು. ಕಳಪೆ ಪುರಾವೆಯನ್ನು ರಾಶಿ ಹಾಕಿದ ಮಾತ್ರಕ್ಕೆ ಅದು ಒಳ್ಳೆಯ ಪುರಾವೆಯಾಗುವುದಿಲ್ಲ. ಒಂದೇ ಕೈಬರಹದ ನೂರು ವೋಚರುಗಳು ಹೇಳುವುದು ಆ ಒಂದು ಕೈ ಹೇಳುವುದನ್ನು ಮಾತ್ರ.

ಪ್ರಸ್ತುತತೆಯ ಪ್ರಶ್ನೆ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಸೂಕ್ಷ್ಮವಾದುದು. ಗ್ರಾಹಕನೊಬ್ಬ ‘ಹೌದು, ಇಷ್ಟು ಕೊಡಬೇಕಾಗಿದೆ’ ಎಂದು ಬರೆದುಕೊಟ್ಟರೆ ಆ ಬಾಕಿ ಇರುವುದಕ್ಕೆ ಅದು ಪುರಾವೆಯೇ ಹೊರತು, ಅದು ವಸೂಲಾಗುತ್ತದೆ ಎಂಬುದಕ್ಕಲ್ಲ. ದಿವಾಳಿಯ ಅಂಚಿನಲ್ಲಿರುವ ಋಣಿಯೂ ಪ್ರಾಮಾಣಿಕವಾಗಿ ಸಹಿ ಮಾಡಬಲ್ಲ. ಗೋದಾಮಿನಲ್ಲಿ ಎಣಿಸಿದ ಅಡಿಕೆ ಮೂಟೆಗಳು ಅಲ್ಲಿರುವುದು ನಿಜವಾದರೂ, ಅವು ಮಾಲೀಕನವೋ ದಲ್ಲಾಳಿಯ ಬಳಿ ಬೆಳೆಗಾರರು ಇರಿಸಿದವೋ ಎಂಬುದನ್ನು ಎಣಿಕೆ ಹೇಳದು.

ಕಾವಲುನಾಯಿಯಿಂದ ಗೋದಾಮಿನವರೆಗೆ

ದಾಸ್ತಾನಿನ ವಿಷಯದಲ್ಲಿ ಪರಿಶೋಧಕರ ಹೊಣೆ ಎಷ್ಟೆಂಬ ಚರ್ಚೆ ಹಳೆಯದು. ಇಂಗ್ಲೆಂಡಿನ ಕಿಂಗ್‌ಸ್ಟನ್ ಕಾಟನ್ ಮಿಲ್ ಮೊಕದ್ದಮೆಯಲ್ಲಿ ವ್ಯವಸ್ಥಾಪಕನೊಬ್ಬ ವರ್ಷಗಟ್ಟಲೆ ದಾಸ್ತಾನನ್ನು ಹಿಗ್ಗಿಸಿ ತೋರಿಸಿದ್ದನು. ಪರಿಶೋಧಕರು ಅವನು ಕೊಟ್ಟ ಪ್ರಮಾಣಪತ್ರವನ್ನು ನಂಬಿ ಲೆಕ್ಕಕ್ಕೆ ಸಹಿ ಮಾಡಿದ್ದರು. 1896ರಲ್ಲಿ ಅಪೀಲು ನ್ಯಾಯಾಲಯವು ಅವರನ್ನು ಹೊಣೆಯಿಂದ ಮುಕ್ತಗೊಳಿಸಿತು. ಪರಿಶೋಧಕನು ಕಾವಲುನಾಯಿಯೇ ಹೊರತು ವಾಸನೆ ಹಿಡಿದು ಬೆನ್ನಟ್ಟುವ ಬೇಟೆನಾಯಿಯಲ್ಲ ಎಂಬ ಮಾತು ಹುಟ್ಟಿದ್ದು ಅಲ್ಲಿ. ಈ ಮಾತನ್ನು ಇಂದಿಗೂ ಸಭೆಗಳಲ್ಲಿ ಉದ್ಧರಿಸುವವರಿದ್ದಾರೆ. ಆದರೆ ಆ ತೀರ್ಪು ಬಂದ ಕಾಲದಲ್ಲಿ ಪರಿಶೋಧಕರು ಗೋದಾಮಿಗೆ ಹೋಗುವ ವಾಡಿಕೆಯೇ ಇರಲಿಲ್ಲ ಎಂಬುದನ್ನು ಅವರು ಹೇಳುವುದಿಲ್ಲ.

ಆ ವಾಡಿಕೆ ಬಂದುದು ಅಮೆರಿಕದ ಮೆಕ್‌ಕೆಸನ್ ಅಂಡ್ ರಾಬಿನ್ಸ್ ಎಂಬ ಔಷಧ ಕಂಪನಿಯ ಹಗರಣದ ನಂತರ. 1938ರಲ್ಲಿ ಅದರ ಸುಮಾರು 8.7 ಕೋಟಿ ಡಾಲರ್ ಆಸ್ತಿಯ ಪೈಕಿ 1.9 ಕೋಟಿ ಡಾಲರ್‌ಗಳಷ್ಟು ದಾಸ್ತಾನು ಹಾಗೂ ಬಾಕಿಗಳು ಕಾಗದದ ಮೇಲೆ ಮಾತ್ರ ಇದ್ದುವೆಂದು ಬಯಲಾಯಿತು. ಬಿಲ್ಲು, ರಸೀದಿ, ಪತ್ರವ್ಯವಹಾರ ಎಲ್ಲವೂ ಅಚ್ಚುಕಟ್ಟಾಗಿದ್ದುವು. ಸರಕು ಮಾತ್ರ ಇರಲಿಲ್ಲ. ಮರು ವರ್ಷವೇ ಅಲ್ಲಿನ ವೃತ್ತಿಸಂಸ್ಥೆಯು ದಾಸ್ತಾನು ಎಣಿಕೆಯ ವೇಳೆ ಹಾಜರಿರುವುದನ್ನೂ ಋಣಿಗಳಿಂದ ನೇರ ದೃಢೀಕರಣ ಪಡೆಯುವುದನ್ನೂ ಪರಿಶೋಧನೆಯ ಸಾಮಾನ್ಯ ಕ್ರಮವನ್ನಾಗಿ ಮಾಡಿತು. ನಮ್ಮ ಎಸ್‌ಎ 501ರ ಪ್ರಕಾರವೂ, ದಾಸ್ತಾನು ಗಣನೀಯವಾಗಿದ್ದಲ್ಲಿ ಪರಿಶೋಧಕರು ಎಣಿಕೆಗೆ ಹಾಜರಿರತಕ್ಕದ್ದು. ಕಷ್ಟ, ಸಮಯ, ಖರ್ಚು ಎಂಬ ಕಾರಣಗಳಿಂದ ಮಾತ್ರ ಇದನ್ನು ಬಿಡುವಂತಿಲ್ಲ. ಕಾಫಿ ಸಂಸ್ಕರಣಾ ಘಟಕದಲ್ಲಿಯೋ ಶೀತಲಗೃಹದಲ್ಲಿಯೋ ಪರರ ವಶದಲ್ಲಿರುವ ಸರಕಿನ ವಿಷಯದಲ್ಲಿ ಆ ಘಟಕದವರಿಂದಲೇ ದೃಢೀಕರಣ ಪಡೆಯಬೇಕು, ಇಲ್ಲವೆ ಸ್ಥಳಕ್ಕೆ ಹೋಗಿ ನೋಡಬೇಕು. ಎಣಿಕೆಯ ದಿನ ಪರಿಶೋಧಕರ ಸಹಾಯಕರು ಮೂಟೆ ಬಿಚ್ಚಿಸಿ ನೋಡಿದರೆ ಮಾಲೀಕರು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ.

ಸತ್ಯಂ: ಪತ್ರ ಯಾರ ಕೈಯಿಂದ ಬಂತು?

ಭಾರತದಲ್ಲಿ ಪುರಾವೆಯ ಪ್ರಶ್ನೆ ಮನೆಮಾತಾದದ್ದು 2009ರ ಜನವರಿ 7ರಂದು. ಸತ್ಯಂ ಕಂಪ್ಯೂಟರ್ ಸರ್ವೀಸಸ್ ಕಂಪನಿಯ ಅಧ್ಯಕ್ಷ ಬಿ. ರಾಮಲಿಂಗ ರಾಜು ಅವರು ನಿರ್ದೇಶಕ ಮಂಡಲಿಗೆ ಬರೆದ ಪತ್ರದಲ್ಲಿ, 2008ರ ಸೆಪ್ಟೆಂಬರ್ 30ರ ಅಢಾವೆ ಪತ್ರಿಕೆಯಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿಗಳ ನಗದು ಮತ್ತು ಬ್ಯಾಂಕ್ ಶಿಲ್ಕಿನ ಪೈಕಿ 5,040 ಕೋಟಿ ಇಲ್ಲವೇ ಇಲ್ಲವೆಂದು ತಿಳಿಸಿದರು. ಇಲ್ಲದ ಠೇವಣಿಗೆ 376 ಕೋಟಿ ರೂಪಾಯಿ ಬಡ್ಡಿಯೂ ಲೆಕ್ಕದಲ್ಲಿ ಜಮೆಯಾಗಿತ್ತು.

ಗೋದಾಮಿನ ಹತ್ತಿಯನ್ನು ಅಂದಾಜು ಮಾಡುವುದು ಕಷ್ಟವಿರಬಹುದು. ಬ್ಯಾಂಕ್ ಶಿಲ್ಕಿನಷ್ಟು ಸುಲಭವಾಗಿ ತಾಳೆ ನೋಡಬಹುದಾದ ಬಾಬತ್ತು ಬೇರೊಂದಿಲ್ಲ; ಒಂದು ಪತ್ರ ಬರೆದು ಬ್ಯಾಂಕಿನ ಉತ್ತರ ತರಿಸಿಕೊಂಡರೆ ಮುಗಿಯಿತು. ಆದರೆ 2011ರ ಏಪ್ರಿಲ್‌ನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗವು ಹೊರಡಿಸಿದ ಆದೇಶದ ಪ್ರಕಾರ, ಪರಿಶೋಧಕರಾಗಿದ್ದ ಪ್ರೈಸ್ ವಾಟರ್‌ಹೌಸ್‌ನ ಭಾರತೀಯ ಸಂಸ್ಥೆಗಳು ದೃಢೀಕರಣ ಪತ್ರಗಳನ್ನು ಕಳುಹಿಸುವ ಹಾಗೂ ಪಡೆಯುವ ಕೆಲಸದ ಹತೋಟಿಯನ್ನು ಕಂಪನಿಯ ಆಡಳಿತಕ್ಕೇ ಬಿಟ್ಟುಕೊಟ್ಟಿದ್ದುವು. ಯಾರ ಲೆಕ್ಕವನ್ನು ಪರೀಕ್ಷಿಸಬೇಕಾಗಿತ್ತೋ ಅವರ ಕೈಯಿಂದಲೇ ಉತ್ತರಪತ್ರಿಕೆಯೂ ಬಂದಂತಾಯಿತು. ಆಯೋಗವು 60 ಲಕ್ಷ ಡಾಲರ್, ಅಲ್ಲಿನ ಪರಿಶೋಧನಾ ಮೇಲ್ವಿಚಾರಣಾ ಮಂಡಲಿಯು 15 ಲಕ್ಷ ಡಾಲರ್ ದಂಡ ವಿಧಿಸಿದುವು. 2015ರ ಏಪ್ರಿಲ್ 9ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯವು ರಾಜು ಅವರೊಡನೆ ಇಬ್ಬರು ಪರಿಶೋಧಕರನ್ನೂ ಅಪರಾಧಿಗಳೆಂದು ತೀರ್ಮಾನಿಸಿತು. ಆ ತೀರ್ಪಿನ ವಿರುದ್ಧ ಅಪೀಲು ಸಲ್ಲಿಕೆಯಾಯಿತು.

2018ರ ಜನವರಿಯಲ್ಲಿ ಸೆಬಿಯು ಆ ಪರಿಶೋಧನಾ ಜಾಲದ ಸಂಸ್ಥೆಗಳನ್ನು ನೋಂದಾಯಿತ ಕಂಪನಿಗಳ ಪರಿಶೋಧನೆಯಿಂದ ಎರಡು ವರ್ಷ ದೂರವಿರಿಸಿತು. 2019ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆ ಮೇಲ್ಮನವಿ ನ್ಯಾಯಾಧಿಕರಣವು ಈ ನಿಷೇಧವನ್ನು ರದ್ದುಪಡಿಸಿತು. ಪರಿಶೋಧನೆಯ ಗುಣಮಟ್ಟವನ್ನು ವಿಚಾರಿಸುವುದು ವೃತ್ತಿಸಂಸ್ಥೆಯ ಕೆಲಸ. ಸೆಬಿಯು ಕೈಹಾಕಬೇಕಾದರೆ ವಂಚನೆಯಲ್ಲಿ ಶಾಮೀಲಾದುದು ಸಾಬೀತಾಗಬೇಕು, ಅಜಾಗರೂಕತೆ ಮಾತ್ರ ಸಾಲದು ಎಂಬುದು ಅದರ ನಿಲುವು. ಸೆಬಿ ಸರ್ವೋಚ್ಚ ನ್ಯಾಯಾಲಯದ ಮೊರೆ ಹೋಯಿತು. ಪುರಾವೆ ಪಡೆಯದಿರುವುದು ಎಲ್ಲಿಯವರೆಗೆ ಅಜಾಗರೂಕತೆ, ಎಲ್ಲಿಂದ ಮುಂದೆ ಶಾಮೀಲು ಎಂಬ ಗೆರೆಯನ್ನು ಎಳೆಯುವುದು ಸುಲಭವಲ್ಲ ಎಂಬುದನ್ನು ಈ ವ್ಯಾಜ್ಯ ತೋರಿಸಿಕೊಟ್ಟಿತು.

ಪರಿಷ್ಕೃತ ಎಸ್‌ಎ 505, 2010ರ ಏಪ್ರಿಲ್ 1ರಿಂದ ಆರಂಭವಾಗುವ ಅವಧಿಗಳಿಗೆ ಅನ್ವಯಿಸಿತು. ಯಾರಿಗೆ ಪತ್ರ ಬರೆಯಬೇಕೆಂಬ ಆಯ್ಕೆ, ವಿಳಾಸದ ಖಾತರಿ, ಅಂಚೆಗೆ ಹಾಕುವುದು, ಉತ್ತರ ಪಡೆಯುವುದು ಎಲ್ಲವೂ ಪರಿಶೋಧಕರ ಹತೋಟಿಯಲ್ಲಿರಬೇಕೆಂದು ಅದು ಹೇಳುತ್ತದೆ. ದೂರವಾಣಿಯಲ್ಲಿ ಬಂದ ಉತ್ತರ ದೃಢೀಕರಣವೆನಿಸದು. ಇಂತಹ ಗ್ರಾಹಕರಿಗೆ ಪತ್ರ ಬರೆಯಬೇಡಿರೆಂದು ಮಾಲೀಕರು ತಡೆದರೆ ಪರಿಶೋಧಕರು ಕಾರಣ ಕೇಳಿ, ಅದು ಸಮಂಜಸವೇ ಎಂದು ಪರೀಕ್ಷಿಸಬೇಕು. ಹೊರಗಿನ ಉತ್ತರ ಬಾರದಿದ್ದಲ್ಲಿ ಅನಂತರ ಜಮೆಯಾದ ಹಣ, ಸಾಗಣೆ ದಾಖಲೆ, ಇ-ವೇ ಬಿಲ್ಲು ಮುಂತಾದ ಪರ್ಯಾಯ ಪುರಾವೆಗಳನ್ನು ಹುಡುಕಬೇಕು. ಜಿಎಸ್‌ಟಿ ಜಾಲತಾಣದಲ್ಲಿ ಮಾರಾಟಗಾರನು ಸಲ್ಲಿಸಿದ ವಿವರಗಳಿಂದ ಸಿದ್ಧವಾಗುವ 2ಬಿ ತಖ್ತೆಯು ಖರೀದಿಯ ವಿಷಯದಲ್ಲಿ ಒಂದು ಬಗೆಯ ಹೊರಗಿನ ಪುರಾವೆಯೇ ಆಗಿದೆ. ಆದರೆ ನಕಲಿ ಬಿಲ್ಲು ಕೊಡುವವನೂ ಜಾಲತಾಣಕ್ಕೆ ವಿವರ ಏರಿಸಬಲ್ಲನೆಂಬುದನ್ನು ಮರೆಯಲಾಗದು.

ಕಾಗದಗಳೆಲ್ಲ ಅಸಲಿಯಾಗಿದ್ದು ವ್ಯವಹಾರವೇ ಪ್ರಶ್ನಾರ್ಹವಾಗುವ ಸಂದರ್ಭಗಳೂ ಉಂಟು. ಕಾಫಿ ಡೇ ಎಂಟರ್‌ಪ್ರೈಸಸ್‌ನ ಏಳು ಅಧೀನ ಕಂಪನಿಗಳಿಂದ ಪ್ರವರ್ತಕರಿಗೆ ಸಂಬಂಧಿಸಿದ ಕಂಪನಿಗೆ 3,535 ಕೋಟಿ ರೂಪಾಯಿ ಸಾಗಿಸಲಾಗಿತ್ತೆಂದು 2023ರ ಜನವರಿಯಲ್ಲಿ ಸೆಬಿ ತನ್ನ ಆದೇಶದಲ್ಲಿ ತಿಳಿಸಿತು. ಇದೇ ವರ್ಷ ಎನ್‌ಎಫ್‌ಆರ್‌ಎ ಎಂದು ಕರೆಯಲಾಗುವ ರಾಷ್ಟ್ರೀಯ ಹಣಕಾಸು ವರದಿಗಾರಿಕೆ ಪ್ರಾಧಿಕಾರವು ಈ ಸಮೂಹದ ಕಂಪನಿಗಳ ಪರಿಶೋಧಕರ ಮೇಲೆ ಕ್ರಮ ಕೈಗೊಂಡಿತು. ಬಂಧು ಸಂಸ್ಥೆಗಳ ನಡುವಣ ಸಾಲದಲ್ಲಿ ಚೆಕ್ಕು, ಬ್ಯಾಂಕ್ ತಖ್ತೆ, ಠರಾವು ಎಲ್ಲ ಇದ್ದರೂ ಹಣ ಏತಕ್ಕಾಗಿ ಹೋಯಿತೆಂಬುದಕ್ಕೂ ಪುರಾವೆ ಬೇಕು.

ಬರೆದಿಡದ ಕೆಲಸ

ಎನ್‌ಎಫ್‌ಆರ್‌ಎ ಆದೇಶಗಳಲ್ಲಿ ಮತ್ತೆ ಮತ್ತೆ ಕಾಣುವ ಆಕ್ಷೇಪಣೆಯೆಂದರೆ ಕಾರ್ಯಪತ್ರಗಳ ಕೊರತೆ. ಎಸ್‌ಎ 230ರ ಪ್ರಕಾರ, ಆ ಪರಿಶೋಧನೆಗೆ ಸಂಬಂಧವೇ ಇಲ್ಲದ ಅನುಭವಿ ಪರಿಶೋಧಕನೊಬ್ಬ ಕಡತ ಓದಿದರೆ ಏನು ಮಾಡಲಾಯಿತು, ಏನು ಕಂಡಿತು, ಹೇಗೆ ತೀರ್ಮಾನಿಸಲಾಯಿತು ಎಂಬುದು ತಿಳಿಯುವಂತಿರಬೇಕು. ವರದಿಗೆ ಸಹಿಯಾದ 60 ದಿನಗಳೊಳಗೆ ಕಡತದ ಜೋಡಣೆ ಮುಗಿಯಬೇಕು. ಅನಂತರ ಅದರಿಂದ ಏನನ್ನೂ ತೆಗೆದುಹಾಕುವಂತಿಲ್ಲ. ‘ನೋಡಿದ್ದೆವು, ಬರೆದಿಟ್ಟಿರಲಿಲ್ಲ’ ಎಂಬ ಬಾಯಿಮಾತಿನ ವಿವರಣೆ ತಾನೇತಾನಾಗಿ ಆಧಾರವಾಗದು. ಪರಿಶೋಧಕರ ಪ್ರಶ್ನಾವಳಿಗಳು ವರ್ಷವರ್ಷಕ್ಕೂ ಉದ್ದವಾಗುತ್ತಿರುವುದಕ್ಕೆ ಇದೇ ಕಾರಣ.

ಮಾಲೀಕರಿಂದ ಪಡೆಯುವ ಲಿಖಿತ ಹೇಳಿಕೆಯ ವಿಷಯದಲ್ಲಿಯೂ ತಪ್ಪು ಕಲ್ಪನೆ ಇದೆ. ಎಲ್ಲ ಹೊಣೆಯನ್ನೂ ಮಾಲೀಕರ ತಲೆಗೆ ಕಟ್ಟುವ ಉಪಾಯ ಅದೆಂದು ವರ್ತಕರು ಭಾವಿಸುವುದುಂಟು. ಕೆಲವು ಪರಿಶೋಧಕರೂ ಹಾಗೆಯೇ ಭಾವಿಸುವುದುಂಟು. ಎಸ್‌ಎ 580 ಇದಕ್ಕೆ ಅವಕಾಶ ಕೊಡುವುದಿಲ್ಲ. ಆ ಹೇಳಿಕೆ ಅವಶ್ಯಕ ಪುರಾವೆ, ಆದರೆ ಅದೊಂದೇ ಸಾಕಾಗುವ ಪುರಾವೆಯಲ್ಲ. ಹಾಗೆಂದು ಅದಕ್ಕೆ ಓದದೆ ಸಹಿ ಹಾಕುವುದೂ ಜಾಣತನವಲ್ಲ: ಕಂಪನಿ ಕಾಯಿದೆಯಡಿ ಸಲ್ಲಿಸಬೇಕಾದ ದಾಖಲೆಗಳಲ್ಲಿ ತಿಳಿದೂ ತಿಳಿದು ಸುಳ್ಳು ಹೇಳುವುದು 448ನೆಯ ಕಲಮಿನ ಅನ್ವಯ ಅಪರಾಧವಾಗಿದ್ದು, ಅದಕ್ಕೆ 447ನೆಯ ಕಲಮಿನಲ್ಲಿ ವಂಚನೆಗೆ ಹೇಳಿರುವ ಶಿಕ್ಷೆಯೇ ಅನ್ವಯಿಸುತ್ತದೆ.

ನ್ಯಾಯಾಲಯದ ಅಳತೆಗೋಲು ಬೇರೆ

ಪರಿಶೋಧಕರು ಒಪ್ಪಿ ಸಹಿ ಮಾಡಿದ ಲೆಕ್ಕವನ್ನು ನ್ಯಾಯಾಲಯವೂ ಒಪ್ಪಲೇಬೇಕೆಂಬ ನಂಬಿಕೆ ವರ್ತಕರಲ್ಲಿ ವ್ಯಾಪಕವಾಗಿದೆ. ಇದು ಸರಿಯಲ್ಲ. ಪರಿಶೋಧಕರು ಕೊಡುವುದು ಒಟ್ಟು ಲೆಕ್ಕದ ಬಗೆಗೆ ಅಭಿಪ್ರಾಯ, ಅದೂ ಆಯ್ದ ವ್ಯವಹಾರಗಳ ಪರೀಕ್ಷೆಯ ಮೇಲೆ. ನ್ಯಾಯಾಲಯ ಕೇಳುವುದಾದರೋ ಒಬ್ಬ ನಿರ್ದಿಷ್ಟ ಪ್ರತಿವಾದಿ ಒಂದು ನಿರ್ದಿಷ್ಟ ಮೊತ್ತಕ್ಕೆ ಹೊಣೆಯೇ ಎಂಬ ಪ್ರಶ್ನೆಯನ್ನು.

1872ರ ಸಾಕ್ಷ್ಯ ಅಧಿನಿಯಮದ 34ನೆಯ ಕಲಮು ಇದನ್ನು ಸ್ಪಷ್ಟವಾಗಿ ಹೇಳಿತ್ತು. ವ್ಯಾಪಾರದ ಕ್ರಮದಲ್ಲಿ ನಿಯತವಾಗಿ ಇಟ್ಟ ಲೆಕ್ಕಪುಸ್ತಕಗಳ ನಮೂದುಗಳು ಪ್ರಸ್ತುತವೇ ಸರಿ, ಆದರೆ ಯಾರ ಮೇಲಾದರೂ ಹೊಣೆ ಹೊರಿಸಲು ಅವಷ್ಟೇ ಸಾಲವು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವು ಇದೇ ನಿಯಮವನ್ನು ತನ್ನ 28ನೆಯ ಕಲಮಿನಲ್ಲಿ ಮುಂದುವರಿಸಿದೆ. ಅದಕ್ಕೆ ಮುಂಚೆ ಬಾಕಿಯಿದ್ದ ವಿಚಾರಣೆಗಳಿಗೆ ಹಳೆಯ ಕಾಯಿದೆಯೇ ಅನ್ವಯ. ಚಂದ್ರಧರ ಗೋಸ್ವಾಮಿ ವಿರುದ್ಧ ಗೌಹಾಟಿ ಬ್ಯಾಂಕ್ ಮೊಕದ್ದಮೆಯಲ್ಲಿ 1966ರಷ್ಟು ಹಿಂದೆಯೇ ಸರ್ವೋಚ್ಚ ನ್ಯಾಯಾಲಯವು ಬ್ಯಾಂಕಿಗೂ ಇದೇ ಮಾತನ್ನು ಹೇಳಿತು: ಎದುರು ಪಕ್ಷ ಒಪ್ಪದಿದ್ದಾಗ ಖಾತೆಯ ನಮೂದಿಗೆ ಬೆಂಬಲವಾಗಿ ಸ್ವತಂತ್ರ ಸಾಕ್ಷ್ಯ ಬೇಕು. ವರ್ತಕನ ಪಾಲಿಗೆ ಈ ಸ್ವತಂತ್ರ ಸಾಕ್ಷ್ಯವೆಂದರೆ ಸರಕು ತಲುಪಿದ ಸಹಿಯುಳ್ಳ ಚಲನ್, ಲಾರಿ ರಸೀದಿ, ಆದೇಶಪತ್ರ, ಭಾಗಶಃ ಹಣ ಸಂದಾಯದ ದಾಖಲೆ ಮುಂತಾದುವು. ಕಿರ್ದಿ-ಖಾತೆ ಎಷ್ಟೇ ಚೊಕ್ಕಟವಾಗಿದ್ದರೂ ಚಲನ್ ಮೇಲೆ ಪಡೆದವರ ಸಹಿ ಇಲ್ಲದಿದ್ದರೆ ದಾವೆ ಕುಂಟುತ್ತದೆ.

‘ಲೆಕ್ಕಪುಸ್ತಕ’ ಎಂದರೇನು ಎಂಬುದೂ ವಿವಾದಕ್ಕೆ ಒಳಗಾದ ಸಂಗತಿಯೇ. ಜೈನ್ ಹವಾಲಾ ಮೊಕದ್ದಮೆ ಎಂದು ಪ್ರಸಿದ್ಧವಾದ ಸಿಬಿಐ ವಿರುದ್ಧ ವಿ.ಸಿ. ಶುಕ್ಲಾ ತೀರ್ಪಿನಲ್ಲಿ 1998ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಟ್ಟಿದ ಟಿಪ್ಪಣಿ ಪುಸ್ತಕಗಳನ್ನು ಪುಸ್ತಕವೆಂದು ಒಪ್ಪಿ, ಕಡತದಲ್ಲಿದ್ದ ಬಿಡಿ ಹಾಳೆಗಳನ್ನು ಒಪ್ಪಲಿಲ್ಲ. ಬಿಡಿ ಚೀಟಿಗಳಲ್ಲಿ ಉದ್ರಿ ಬರೆದಿಡುವ ಪದ್ಧತಿ ಇಂದಿಗೂ ಇರುವ ಪೇಟೆಗಳಲ್ಲಿ ಈ ತೀರ್ಪಿನ ಅರಿವು ಇರಬೇಕಾದದ್ದು ಅಗತ್ಯ.

ಗಣಕಯಂತ್ರದ ಲೆಕ್ಕಕ್ಕೆ ಇನ್ನೂ ಒಂದು ಹೆಜ್ಜೆ ಹೆಚ್ಚು. ವಿದ್ಯುನ್ಮಾನ ದಾಖಲೆಯ ಮುದ್ರಿತ ಪ್ರತಿಯನ್ನು ಹಾಜರುಪಡಿಸುವಾಗ ಪ್ರಮಾಣಪತ್ರ ಕಡ್ಡಾಯವೆಂದು 2020ರಲ್ಲಿ ಅರ್ಜುನ್ ಪಂಡಿತರಾವ್ ಖೋಟ್ಕರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಹೊಸ ಅಧಿನಿಯಮದ 63ನೆಯ ಕಲಮಿನಡಿ ಈ ಪ್ರಮಾಣಪತ್ರಕ್ಕೆ ಎರಡು ಭಾಗಗಳಿವೆ: ಒಂದಕ್ಕೆ ಯಂತ್ರದ ಹೊಣೆ ಹೊತ್ತವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ, ಜೊತೆಗೆ ದಾಖಲೆ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಸಂಖ್ಯೆ. ಯಂತ್ರವು ಸಂಸ್ಥೆಯ ವಶದಲ್ಲಿರದೆ, ಅರೆಕಾಲಿಕ ಲೆಕ್ಕಿಗರ ಲ್ಯಾಪ್‌ಟಾಪಿನಲ್ಲಿಯೇ ಎಲ್ಲ ಲೆಕ್ಕವೂ ಇದ್ದು, ಅವರು ಕೆಲಸ ಬಿಟ್ಟುಹೋಗಿದ್ದರೆ ಸಹಿ ಮಾಡುವವರನ್ನು ಹುಡುಕುವುದೇ ಕಷ್ಟ. ಕಂಪನಿಗಳ ಮಟ್ಟಿಗೆ 2023ರ ಏಪ್ರಿಲ್ 1ರಿಂದ, ಪ್ರತಿ ನಮೂದಿನ ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸುವ ಹಾಗೂ ಆ ಸೌಲಭ್ಯವನ್ನು ಸ್ಥಗಿತಗೊಳಿಸಲಾಗದ ತಂತ್ರಾಂಶವನ್ನೇ ಬಳಸತಕ್ಕದ್ದು. ಅದು ವರ್ಷವಿಡೀ ಚಾಲನೆಯಲ್ಲಿತ್ತೇ ಎಂಬುದನ್ನು ಪರಿಶೋಧಕರು ವರದಿ ಮಾಡಬೇಕು. ಕಿರಿಕಿರಿಯೆಂದು ಗೊಣಗುವವರು ಇದರ ಇನ್ನೊಂದು ಮುಖವನ್ನೂ ನೋಡಬಹುದು: ‘ದಾವೆ ಹೂಡುವ ಹಿಂದಿನ ದಿನ ನಮೂದನ್ನು ಸೇರಿಸಿದ್ದಾರೆ’ ಎಂಬ ಎದುರಾಳಿಯ ಆರೋಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಒಂದು ಸಹಿ, ಮೂರು ವರ್ಷ

ಬಾಕಿ ದೃಢೀಕರಣ ಪತ್ರವು ನ್ಯಾಯಾಲಯದಲ್ಲಿ ಮಾಡುವ ಕೆಲಸ ಇಲ್ಲಿದೆ. ಉದ್ರಿ ಮಾರಾಟದ ಹಣಕ್ಕೆ ದಾವೆ ಹೂಡಲು 1963ರ ಕಾಲಮಿತಿ ಅಧಿನಿಯಮವು ಸಾಮಾನ್ಯವಾಗಿ ಮೂರು ವರ್ಷಗಳ ಅವಧಿ ಕೊಡುತ್ತದೆ. ಅದೇ ಅಧಿನಿಯಮದ 18ನೆಯ ಕಲಮಿನ ಪ್ರಕಾರ, ಆ ಅವಧಿ ಮುಗಿಯುವ ಮುನ್ನ ಋಣಿಯು ತನ್ನ ಹೊಣೆಯನ್ನು ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ, ಸಹಿ ಮಾಡಿದ ದಿನದಿಂದ ಹೊಸ ಅವಧಿ ಆರಂಭವಾಗುತ್ತದೆ. ಪರಿಶೋಧನೆಗಾಗಿ ತರಿಸಿಕೊಂಡ ದೃಢೀಕರಣ ಪತ್ರವೂ ಇಂತಹ ಒಪ್ಪಿಗೆ ಎನಿಸಬಲ್ಲದು. ಸಹಿ ಋಣಿಯದೇ ಅಥವಾ ಅವನಿಂದ ಅಧಿಕಾರ ಪಡೆದವರದೇ ಆಗಿರಬೇಕು; ದಿನಾಂಕವಿರಬೇಕು. ಅವಧಿ ಮುಗಿದ ಮರುದಿನ ಬಂದ ಸಹಿ 18ನೆಯ ಕಲಮಿಗೆ ನಿಷ್ಪ್ರಯೋಜಕ. ಆಗ 1872ರ ಕರಾರು ಅಧಿನಿಯಮದ 25(3)ನೆಯ ಕಲಮಿನಂತೆ ಹಣ ಕೊಡುವ ಸ್ಪಷ್ಟವಾದ ಲಿಖಿತ ವಾಗ್ದಾನವೇ ಬೇಕಾಗುತ್ತದೆ.

ಎರಡು ಅಳತೆಗೋಲುಗಳ ವ್ಯತ್ಯಾಸ ಇಲ್ಲಿ ಎದ್ದು ಕಾಣುತ್ತದೆ. ‘ಇಂತಿಷ್ಟು ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಸರಿಯೆಂದು ಭಾವಿಸಲಾಗುವುದು’ ಎಂದು ಬರೆಯುವ ಪದ್ಧತಿಗೆ ಪರಿಶೋಧನೆಯಲ್ಲಿ ಮಿತವಾದ, ದುರ್ಬಲವಾದ ಸ್ಥಾನವುಂಟು. ಕಾಲಮಿತಿಯ ಕಾನೂನಿನಲ್ಲಿ ಮೌನಕ್ಕೆ ಸಹಿಯ ಬೆಲೆಯಿಲ್ಲ. ಅಂತೆಯೇ ಸಹಿ ಮಾಡುವವರೂ ಎಚ್ಚರದಿಂದಿರಬೇಕು. ಸರಕಿನ ಗುಣಮಟ್ಟದ ಬಗೆಗೆ ತಕರಾರಿದ್ದರೆ, ಅದನ್ನು ಪತ್ರದಲ್ಲಿಯೇ ನಮೂದಿಸದೆ ಪೂರ್ತಿ ಮೊತ್ತಕ್ಕೆ ಸಹಿ ಮಾಡಿದವರಿಗೆ ಮುಂದೆ ಆ ತಕರಾರನ್ನು ಎತ್ತುವುದು ಕಠಿಣವಾಗುತ್ತದೆ. ಕಂಪನಿಯ ಅಢಾವೆ ಪತ್ರಿಕೆಯ ನಮೂದು ಕೂಡ ಒಪ್ಪಿಗೆಯಾಗಬಲ್ಲದೆಂದು 2021ರಲ್ಲಿ ಬಿಶಾಲ್ ಜೈಸ್ವಾಲ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆದರೆ ಅದರೊಡನೆ ಇರುವ ಟಿಪ್ಪಣಿಗಳೂ ಪರಿಶೋಧಕರ ವರದಿಯೂ ಏನು ಹೇಳುತ್ತವೆಂಬುದನ್ನು ಆಯಾ ಮೊಕದ್ದಮೆಯಲ್ಲಿ ನೋಡಬೇಕೆಂದೂ ಸೇರಿಸಿತು. ಆದ್ದರಿಂದ ವಿವಾದಿತ ಬಾಕಿಯ ಬಗೆಗೆ ಟಿಪ್ಪಣಿಯಲ್ಲಿ ಒಂದು ಸಾಲು ಬರೆಸುವುದಕ್ಕೂ ಬಿಡುವುದಕ್ಕೂ ಕಾನೂನಿನಲ್ಲಿ ಅಂತರವಿದೆ.

ಕಡತ ಯಾರದು?

ಪರಿಶೋಧಕರ ಕಾರ್ಯಪತ್ರಗಳು ಪರಿಶೋಧಕರ ಸ್ವತ್ತು. ಇಂಗ್ಲೆಂಡಿನಲ್ಲಿ 1953ರ ಚಾಂಟ್ರಿ ಮಾರ್ಟಿನ್ ತೀರ್ಪಿನ ನಿಲುವೂ ಇದೇ, ನಮ್ಮ ಮಾನದಂಡಗಳ ನಿಲುವೂ ಇದೇ. ಗ್ರಾಹಕರ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ, ಕಾನೂನಿನ ಅಗತ್ಯವಿಲ್ಲದೆ ಹೊರಗೆಡಹುವುದು 1949ರ ಚಾರ್ಟರ್ಡ್ ಅಕೌಂಟೆಂಟ್‌ಗಳ ಅಧಿನಿಯಮದಡಿ ವೃತ್ತಿ ದುರ್ನಡತೆ. ಆದರೆ ವಕೀಲರಿಗೆ ಹೇಳಿದ ಮಾತಿಗೆ ಸಾಕ್ಷ್ಯ ಕಾನೂನು ಕೊಡುವ ರಕ್ಷಣೆ ಪರಿಶೋಧಕರಿಗೆ ಹೇಳಿದ ಮಾತಿಗಿಲ್ಲ. ನ್ಯಾಯಾಲಯ ಕರೆಸಿದರೆ ಅವರು ಕಡತದೊಡನೆ ಹಾಜರಾಗಲೇಬೇಕು. ಕಂಪನಿಯ ಅಧಿಕಾರಿಗಳೋ ನೌಕರರೋ ಎಸಗಿದ 1 ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ವಂಚನೆ ನಡೆದಿದೆಯೆಂದು ನಂಬಲು ಕಾರಣ ಕಂಡರೆ, 143(12)ನೆಯ ಕಲಮಿನಂತೆ ಪರಿಶೋಧಕರೇ ಕೇಂದ್ರ ಸರ್ಕಾರಕ್ಕೆ ವರದಿ ಮಾಡಬೇಕು.

ಇನ್ನು ಎಷ್ಟು ಕಾಲ ಕಾಗದಗಳನ್ನು ಕಾಪಾಡಬೇಕೆಂಬ ಪ್ರಶ್ನೆ. ಪರಿಶೋಧಕರು ತಮ್ಮ ಕಡತವನ್ನು ವರದಿಯ ದಿನಾಂಕದಿಂದ ಕನಿಷ್ಠ ಏಳು ವರ್ಷ ಇಡತಕ್ಕದ್ದು. ಕಂಪನಿಗಳು ಲೆಕ್ಕಪುಸ್ತಕಗಳನ್ನೂ ಅವುಗಳಿಗೆ ಸಂಬಂಧಿಸಿದ ವೋಚರುಗಳನ್ನೂ ಎಂಟು ಹಣಕಾಸು ವರ್ಷಗಳವರೆಗೆ ಇಡಬೇಕು. ದಾವೆ ನಡೆಯುತ್ತಿದ್ದರೆ ಅದು ಮುಗಿಯುವವರೆಗೆ ಚಲನ್, ದೃಢೀಕರಣ ಪತ್ರ, ಹಳೆಯ ಗಣಕಯಂತ್ರದ ಹಾರ್ಡ್ ಡಿಸ್ಕ್ ಯಾವುದನ್ನೂ ಗುಜರಿಗೆ ಹಾಕುವಂತಿಲ್ಲ.